ಉಗ್ರಾಣದಲ್ಲಿ ಶೇಖರನ ಪಾಲು

ಬೆಲ್ಲದ ಮಡಕೆಯಲ್ಲಿ ಸತ್ತ ಇಲಿ ಸಿಕ್ಕಿದ ದಿನ ಮಂಜಯ್ಯ ಊಟದ ಮಣೆಯಿಂದ ಅರ್ಧಕ್ಕೇ ಎದ್ದರು.

"ಇದ್ ಉಗ್ರಾಣವಾ, ಮಸಣವಾ?"

ಹೆಂಡತಿ ಅಕ್ಕಣಮ್ಮ ಇಲಿಯನ್ನು ಬಾಲ ಹಿಡಿದು ಎತ್ತಿ, ಹಿತ್ತಲಿಗೆ ಎಸೆದು, ಕೈ ತೊಳೆದು ಬಂದರು.

"ಅಡಿಯಗಿದ್ ಬೆಲ್ಲ ಸಮಾ ಇತ್ತ್," ಅಂದರು.

"ಹಂಗಾರೆ ನೀನೇ ತಿನ್."

ನಲವತ್ತನಾಲ್ಕನೇ ಇಸವಿಯ ಮೇ ತಿಂಗಳು. ಯುದ್ಧ ಇನ್ನೂ ಮುಗಿದಿರಲಿಲ್ಲ. ಬೈಂದೂರಿನಲ್ಲಿ ಅಕ್ಕಿ ಸಿಗುತ್ತಿದ್ದದ್ದು ಕಂಟ್ರೋಲ್ ಅಂಗಡಿಯಲ್ಲಿ, ಅದರಲ್ಲೂ ಕಲ್ಲು. ಕೆಲವು ವಾರ ಅಕ್ಕಿಯ ಬದಲು ಗೋಧಿ ಅಳೆದು ಕೊಡುತ್ತಿದ್ದರು. ಅದನ್ನು ಕುಚ್ಚಲಕ್ಕಿಯ ಹಾಗೆ ಬೇಯಿಸಲು ಹೋಗಿ, ಬೇಯದೆ, ಕೋಳಿಗೆ ಹಾಕಿದ ಮನೆಗಳಿದ್ದವು. ಮಳೆಗಾಲಕ್ಕೆಂದು ಕೂಡಿಟ್ಟದ್ದು ಕೆಟ್ಟರೆ ಮತ್ತೆ ತರುವುದು ಎಲ್ಲಿಂದ ಎಂದು ಮಂಜಯ್ಯ ಕೇಳುತ್ತಿದ್ದರು. ಅವರದು ಪೇಟೆಯಲ್ಲಿ ಜವಳಿ ಅಂಗಡಿ. ಬಟ್ಟೆಗೂ ಕಂಟ್ರೋಲ್ ಬಂದು ಅಲ್ಲಿಯ ಕಪಾಟುಗಳೂ ಬರಿದಾಗಿದ್ದವು.

"ಓದಿದವ್ಳ್ ಒಬ್ಳ್ ಮನೆಯಗೇ ಇದ್ಲಲ್ದಾ," ಅಂದರು. "ಸುಗುಣ ಕಾಣ್ಲಿ ಉಗ್ರಾಣ."

ಸುಗುಣ ಹಿರಿಯ ಸೊಸೆ. ಮದರಾಸಿನಲ್ಲಿ ಬಿ.ಎ. ಮಾಡಿದವಳು. ಅವಳ ಗಂಡ ಶೇಖರ ಮುಂಬಯಿ ಬಂದರಿನಲ್ಲಿ ಗುಮಾಸ್ತ. ಬಿಡಾರ ಸಿಕ್ಕಿದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವುದು ಎಂದಾಗಿತ್ತು. ಏಪ್ರಿಲಿನಲ್ಲಿ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿಯಿತು. ಅಲ್ಲಿ ಹೋಟೆಲಿನಲ್ಲಿದ್ದ ಊರಿನ ದುಗ್ಗಪ್ಪ ಬಂದು, ಶೇಖರ ಕೂತು ಬರೆಯುತ್ತಿದ್ದ ಕಟ್ಟಡವೇ ಈಗ ಇಲ್ಲ ಎಂದು ಹೇಳಿ, ಕೊಟ್ಟ ಕಾಫಿ ಕುಡಿಯದೆ ಹೋದ. ಹೆಣ ಸಿಕ್ಕಿರಲಿಲ್ಲ.

ಅಂದಿನಿಂದ ಸುಗುಣ ಹೇಳಿದ ಕೆಲಸ ಮಾಡುತ್ತಿದ್ದಳು. ಹೇಳದಿದ್ದರೆ ಕೂತಿರುತ್ತಿದ್ದಳು.

ಉಗ್ರಾಣ ಅಡುಗೆಮನೆಯ ಹಿಂದಿನ ಕೋಣೆ. ಕಿಟಕಿ ಇಲ್ಲ, ತಗ್ಗಿದ ಬಾಗಿಲು. ಅವಳು ಎಲ್ಲವನ್ನೂ ಅಂಗಳಕ್ಕೆ ತಂದು ಬಿಸಿಲಿಗೆ ಹರಡಿದಳು. ಅಕ್ಕಿಯ ಮುಡಿಗಳು, ಹುಣಿಸೆ, ಹುರುಳಿ, ಮಿಡಿ ಉಪ್ಪಿನಕಾಯಿಯ ಭರಣಿಗಳು, ಒಣಮೀನು, ಹಲಸಿನ ಹಪ್ಪಳ, ಯಾರಿಗೂ ನೆನಪಿಲ್ಲದ ಒಂದು ಗಂಟು ಮೆಂತೆ. ಹಪ್ಪಳಕ್ಕೆ ಒಣಮೀನಿನ ನಾತ, ಉಪ್ಪಿನ ನೀರು ಹುರುಳಿಯ ಮೇಲೆ. ಎರಡು ದಿನ ಗುಡಿಸಿ, ಬೂದಿ ಹಾಕಿ ತಿಕ್ಕಿ, ಮೂಲೆಗಳಿಗೆ ಕಹಿಬೇವಿನ ಸೊಪ್ಪು ಇಟ್ಟಳು. ಹಟ್ಟಿಯ ಅಟ್ಟದಲ್ಲಿ ಒಂದು ಗಾಜಿನ ಹಂಚು ಬಿದ್ದಿತ್ತು. ಮೈದುನ ಚಂದ್ರ ಮಾಡು ಹತ್ತಿ, ಒಂದು ಮಣ್ಣಿನ ಹಂಚು ತೆಗೆದು ಅದನ್ನು ಕೂರಿಸಿದ. ಬೆಳಕು ಕಂಬದ ಹಾಗೆ ಕೆಳಗಿಳಿದು ನಿಂತಿತು. ಆ ಕೋಣೆಯ ಗೋಡೆಗೆ ಸುಣ್ಣ ಬಳಿದಿತ್ತು ಎಂದು ಮನೆಯವರಿಗೆ ಅವತ್ತು ಗೊತ್ತಾಯಿತು.

ಅಕ್ಕಣಮ್ಮ ಹೊಸ್ತಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿದರು.

"ಕಣ್ ಮುಚ್ಕಂಡ್ರೂ ನಂಗ್ ಎಲ್ಲ ಕೈಗ್ ಸಿಕ್ತಿದ್ದಿತ್. ಈಗ ಕಣ್ ಬಿಟ್ರೂ ಸಿಕ್ಕುದಿಲ್ಲ. ಉಪ್ಪ್ ಎಲ್ಲಿತ್ತ್?"

"ಬಾಗ್ಲ ಹತ್ರ, ಅತ್ತೆ. ದಿನಾ ಬೇಕಾದ್ದ್ ಕೈಯೆತ್ರಕ್ಕ್ ಇಟ್ಟಿದೆ. ಹಬ್ಬಕ್ಕ್ ಬೇಕಾದ್ದ್ ಮೇಲೆ. ಮೀನ್ ಒಂದೇ ಆಚಿ ಗೋಡಿಗ್. ಹಳೇ ಅಕ್ಕಿ ಮುಂದೆ, ಹೊಸತ್ ಹಿಂದೆ. ಮುಂದಿದ್ ಮುಗಿಯದೆ ಹಿಂದಿದ್ ಬಿಚ್ಚುಕಾಗ."

"ನಾನ್ ಮದಿಯಾಯ್ ಬಪ್ಪತಿಗ್ ನೀ ಹುಟ್ಟಲಿಲ್ಲ. ನಂಗ್ ಹೇಳಿ ಕೊಡ್ತ್ಲ್."

"ಹೇಳಿ ಕೊಡ್ಲಿ ಬಿಡ್," ಅಂದರು ಮಂಜಯ್ಯ ಜಗಲಿಯ ಚಿಟ್ಟೆಯ ಮೇಲಿಂದ. "ನೀ ಇಲಿ ಸಾಕಿದ್ದ್ ಸಾಕ್."

ಮೂಲೆಯಲ್ಲಿ ಒಂದು ಸಣ್ಣ ಮಡಕೆ ಉಳಿದಿತ್ತು. ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಅರೆಯುವ ಕಲ್ಲು. ಸುಗುಣ ಅದಕ್ಕೆ ಕೈ ಹಾಕಿದಾಗ ಅಕ್ಕಣಮ್ಮ ಒಳಗೆ ಬಂದರು.

"ಅದನ್ನ್ ದೊಡ್ಡ್ ಮಡ್ಕಿಗೆ ಸುರಿಬ್ಯಾಡ. ಅದ್ ಶೇಖರನ್ದ್."

ಆ ಮನೆಯಲ್ಲಿ ಹೀಗೊಂದು ನಡೆ ಇತ್ತು. ದೂರ ಹೋದವನ ಸುದ್ದಿ ನಿಂತರೆ, ಪ್ರತಿ ಹೊತ್ತು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ತೆಗೆದು ಬೇರೆ ಮಡಕೆಗೆ ಹಾಕುವುದು. ಮನೆಯಲ್ಲಿ ಪಾಲು ಇದ್ದವನು ಹೊರಗೆ ಹಸಿಯುವುದಿಲ್ಲ. ಮಡಕೆ ತುಂಬಿ ಬಂದರೆ ಅವನಿಗೆ ಅಕ್ಕಿ ಬೇಡವಾಯಿತು ಎಂದು ಲೆಕ್ಕ. ತುಂಬದಿದ್ದರೆ ಉಣ್ಣುತ್ತಿದ್ದಾನೆ. ಅಕ್ಕಣಮ್ಮನ ಸೋದರಮಾವ ಸಿಂಹಳಕ್ಕೆ ಹೋಗಿ ಸುದ್ದಿ ಇಲ್ಲದೆ ಇದ್ದಷ್ಟು ಕಾಲ ಮಡಕೆ ತುಂಬಲಿಲ್ಲವಂತೆ. ಆಮೇಲೆ ಅವರು ಗಡ್ಡ ಬಿಟ್ಟುಕೊಂಡು ಬಂದರಂತೆ.

ಅಕ್ಕಣಮ್ಮ ಕಲ್ಲು ಇಳಿಸಿ ಮುಚ್ಚಳ ತೆಗೆದರು. ಅಕ್ಕಿ ಅರ್ಧಕ್ಕಿಂತ ಕೆಳಗಿತ್ತು.

"ಸುದ್ದಿ ಬಂದಂದಿಂದ ಹೊತ್ತಿಗೊಂದ್ ಮುಷ್ಟಿ ಹಾಕ್ತಾ ಇದ್ದೆ. ಇಷ್ಟೊತ್ತಿಗ್ ತುಂಬಿ ಸುರಿಕಿದ್ದಿತ್. ಕಾಣ್, ಎಲ್ಲಿತ್ತ್?"

"ಅಣ್ಣ ಮುಂಬೈಂದ ಅಕ್ಕಿ ತಿಂಬುಕೆ ಬತ್ನಾ?" ಅಂದ ಚಂದ್ರ ತಾಯಿಗೆ, ಏಣಿ ಹೊತ್ತುಕೊಂಡು ಹೋಗುತ್ತ. "ಹೊಳಿ ದಾಟುಕ್ ದೋಣಿಯವ ಬಿಡ್ತ್ನಾ? ಇಲಿ ತಿಂದದ್ದ್, ಅಬ್ಬಿ."

"ಇಲಿ ಅರಿಯು ಕಲ್ಲ್ ಎತ್ತಿಟ್ಟ್, ತಿಂದ್, ಮತ್ತೆ ಮುಚ್ಚಿ ಹೋತ್ತಾ? ಅಂಥಾ ಇಲಿ ನಿಮ್ಮ ಅಂಗ್ಡಿಗ್ ಗುಮಾಸ್ತ ಮಾಡ್ಕೋ."

ಸುಗುಣ ಮಡಕೆಯನ್ನು ಒರೆಸಿ, ದಿನಾ ಬೇಕಾದ ವಸ್ತುಗಳ ಸಾಲಿನಲ್ಲಿ, ಗಾಜಿನ ಹಂಚಿನ ಕೆಳಗೆ ಇಟ್ಟಳು. ಉಳಿದ ಮಡಕೆಗಳಿಗೆ ಗಂಜಿ ಹಚ್ಚಿ ಚೀಟಿ ಅಂಟಿಸಿದ್ದಳು. ಅಕ್ಕಣಮ್ಮನಿಗೆ ಓದು ಬಾರದು. ಎಲ್ಲದಕ್ಕೂ ಇರುವುದು ಇದಕ್ಕೂ ಇರಲಿ ಅಂದರು. ಅವಳು ಗಂಡನ ಹೆಸರು ಬರೆದು ಅಂಟಿಸಿದಳು.

ಮರುದಿನ ಅಕ್ಕಣಮ್ಮ ಹಸಿರು ಗಾಜಿನ ಬಳೆ ತಂದರು.

"ಅಂವ ಉಣ್ತಾ ಇಪ್ಪತಿಗ್ ನೀನ್ ಬರಿ ಕೈಯಂಗ್ ಇಪ್ಪುಕಿಲ್ಲ."

ಸುಗುಣ ಕೈ ಚಾಚಿದಳು. ಬಳೆಗಳು ಸುಲಭವಾಗಿ ಏರಿದವು. ಕೈ ಸಣ್ಣಗಾಗಿತ್ತು.

ಜೂನಿನಲ್ಲಿ ಅವಳ ಅಣ್ಣ ಪಾಂಡು ಬ್ರಹ್ಮಾವರದಿಂದ ಬಂದ. ಅಲ್ಲಿಯ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಓದಿದ ಹೆಂಗಸು ಬೇಕಾಗಿದ್ದಳು. ನವರಾತ್ರಿಯ ರಜೆ ಕಳೆದು ಬಾಗಿಲು ತೆರೆಯುವ ದಿನ ಬರಬೇಕು. ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ.

"ಹೋತ್ಯಾ?" ಅಂತ ಪಾಂಡು ತಂಗಿಯನ್ನು ಕೇಳಿದ.

"ಹೋತೆ," ಅಂದಳು ಸುಗುಣ. ಎರಡು ತಿಂಗಳಲ್ಲಿ ಅವಳು ತನಗಾಗಿ ಕೇಳಿದ್ದು ಅದೊಂದೇ.

ಒಳಗಿನಿಂದ ಅಕ್ಕಣಮ್ಮ ಬಂದರು. ಕೈಯಲ್ಲಿ ಸೌಟಿತ್ತು.

"ಗಂಡ ಬದ್ಕಿಪ್ಪವ್ಳ್ ಅವ್ನ ಅಪ್ಪಣಿ ಇಲ್ದೆ ಮನಿ ಬಿಟ್ಟ್ ಹೋಪುಕಿತ್ತಾ? ಅವ್ನೇ ಬಾಯಿ ಬಿಟ್ಟ್ ಹೇಳ್ಲಿ. ಕಳ್ಸ್ತೆ."

"ಹ್ವಾಯ್ ಅತ್ತೆ, ಭಾವ…" ಎಂದು ಪಾಂಡು ಶುರು ಮಾಡಿದ.

"ಹೆಣ ಕಂಡವ್ರ್ ಯಾರ್? ನೀ ಕಂಡ್ಯಾ?"

ಮಂಜಯ್ಯ ಎಲೆಅಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಅವರಿಗೆ ಮಗನ ಬೊಜ್ಜ ಮುಗಿಸಿಬಿಡಬೇಕೆಂದಿತ್ತು. ಸತ್ತವನ ಆ ಕೊನೆಯ ಕಾರ್ಯ ಆಗದ ಮನೆಯಲ್ಲಿ ಬೇರೆ ಯಾವ ಕಾರ್ಯವೂ ಸರಿಯಾಗುವುದಿಲ್ಲ. ಹೆಂಡತಿಯ ಎದುರು ಹಾಗೆ ಹೇಳಲು ಧೈರ್ಯವಿರಲಿಲ್ಲ.

"ಒಂದ್ ಮಾಡ್ವ," ಅಂದರು. "ಮಡ್ಕಿ ತುಂಬ್ಲಿ. ತುಂಬ್ದ್ ದಿನ ಬೊಜ್ಜಕ್ಕ್ ದಿನ ಕಾಣ್ಸ್ತೆ. ಬೊಜ್ಜ ಆರೆ ಅವ್ಳ್ ಹೋಯ್ಲಿ. ತುಂಬ್ದೇ ಇದ್ರೆ ಇರ್ಲಿ. ಆಯ್ತಲ್ದಾ?"

"ಆಯ್ತ್," ಅಂದರು ಅಕ್ಕಣಮ್ಮ, ಕೂಡಲೇ.

ಹೀಗೆ ಮಡಕೆಗೆ ತೀರ್ಮಾನ ಬಿಟ್ಟು ಎಲ್ಲರೂ ಊಟಕ್ಕೆ ಕೂತರು.

ಉಗ್ರಾಣ ಮಾತ್ರ ಹಾಗೇ ಅಚ್ಚುಕಟ್ಟಾಗಿತ್ತು. ಮಳೆ ಹಿಡಿದು ಪಕ್ಕದ ಮನೆಗಳ ಉಪ್ಪು ನೀರ್ಗಟ್ಟಿದಾಗಲೂ ಇಲ್ಲಿ ಬಾಗಿಲ ಹತ್ತಿರ ಒಲೆಯ ಗೋಡೆಗೆ ತಾಗಿ ಇಟ್ಟ ಉಪ್ಪು ಹುಡಿಯಾಗಿತ್ತು. ತೆಗೆದದ್ದನ್ನು ತೆಗೆದಲ್ಲೇ ಇಡಬೇಕು ಎಂಬುದೊಂದೇ ಕಟ್ಟಳೆ. ಮೊದಮೊದಲು ಬೈಯುತ್ತಿದ್ದ ಅಕ್ಕಣಮ್ಮ ಮೆಲ್ಲಗೆ ಅದಕ್ಕೆ ಹೊಂದಿಕೊಂಡರು.

"ಒಂದ್ ಲೆಕ್ಕಕ್ಕ್ ಒಳ್ಳೇದೇ ಮಾಡ್ದೆ ನೀ," ಅಂದರು ಒಮ್ಮೆ, ಮೆಣಸು ಆರಿಸುತ್ತ. "ಈಗ ಅವ್ನಿಗೂ ಸಸಾರ. ಮೊದ್ಲ್ ಕತ್ಲಿಯಗ್ ತಡ್ಕಾಡ್ತಿದ್ದ."

ಸುಗುಣ ಹಲಗೆಯ ಮೇಲಿನ ಹುರುಳಿಯ ಡಬ್ಬವನ್ನು ಸ್ವಲ್ಪ ಸರಿಸಿ ನೆಟ್ಟಗೆ ಮಾಡಿದಳು.

ಆ ವಾರವೇ ಒಂದು ಮಧ್ಯಾಹ್ನ ಅತ್ತೆ ಮಾವ ಮಲಗಿದ್ದಾಗ ಅವಳು ತೆಂಗಿನಕಾಯಿ ತರಲು ಉಗ್ರಾಣದ ಬಾಗಿಲು ತಳ್ಳಿದಳು. ಒಳಗೆ ಚಂದ್ರನ ಹೆಂಡತಿ ಮೋಹಿನಿ ನಿಂತಿದ್ದಳು. ಐದು ತಿಂಗಳ ಬಸುರಿ. ಅರೆಯುವ ಕಲ್ಲು ನೆಲದ ಮೇಲಿತ್ತು. ಅವಳ ಎರಡು ಕೆನ್ನೆಗಳೂ ಉಬ್ಬಿದ್ದವು.

ನುಂಗಲಾರದೆ, ಉಗಿಯಲಾರದೆ, ಅವಳ ಕಣ್ಣಲ್ಲಿ ನೀರು ಬಂತು.

"ಹೇಳ್ಬ್ಯಾಡಿ ಅಕ್ಕಾ," ಅಂದಳು, ಬಾಯಿ ಖಾಲಿಯಾದ ಮೇಲೆ. "ಹಸಿ ಅಕ್ಕಿ ಅಂದ್ರೆ ಜೀವ ಬಿಡ್ತ್. ಕೆಲವ್ರಿಗ್ ಬಸ್ರಿಯಗ್ ಮಣ್ ತಿಂಬ ಆಸಿ ಆತ್ತಂಬ್ರ್. ನಂಗ್ ಇದ್."

"ದೊಡ್ಡ ಮಡ್ಕಿಯದ್ ತಿನ್ಲಕ್ಕಲ್ದಾ?"

"ಅದ್ರದ್ ಒಂದ್ ಮುಷ್ಟಿ ಕಡ್ಮಿ ಆರೂ ಅತ್ತಿಗ್ ಗೊತ್ತಾತ್ತ್. ಬಸ್ರಿ ಹಸಿ ಅಕ್ಕಿ ತಿಂದ್ರೆ ಬೈತ್ರ್." ಮೋಹಿನಿ ಸೆರಗಿನಿಂದ ಬಾಯಿ ಒರೆಸಿದಳು. "ಇದ್ರದ್ ಕಡ್ಮಿ ಆರೆ ಅವ್ರಿಗ್ ಖುಷಿ ಆತ್ತ್."

ಸುಗುಣ ಬಾಗಿಲಲ್ಲಿ ನಿಂತೇ ಇದ್ದಳು. ಒಂದು ಮಾತು ಹೇಳಿದರೆ ಬೊಜ್ಜದ ದಿನ ಗೊತ್ತಾಗುತ್ತದೆ, ಬ್ರಹ್ಮಾವರದ ದಾರಿ ತೆರೆಯುತ್ತದೆ. ಅದೇ ಮಾತಿಗೆ ಮೋಹಿನಿ ಭಾವನ ಪಾಲು ತಿಂದವಳಾಗುತ್ತಾಳೆ. ಈ ಊರಿನಲ್ಲಿ ಅದು ಹುಟ್ಟುವ ಮಗುವಿನ ಹೆಸರಿಗೂ ಅಂಟಿಕೊಳ್ಳುತ್ತದೆ.

"ಗದ್ದಕ್ಕ್ ಒಂದ್ ಕಾಳ್ ಅಂಟ್ಕಂಡಿತ್ತ್," ಅಂದಳು. ಕಲ್ಲನ್ನು ತಾನೇ ಎತ್ತಿ ಮುಚ್ಚಳದ ಮೇಲಿಟ್ಟಳು.

ಏಳು ತಿಂಗಳಾದ ಮೇಲೆ ಮೋಹಿನಿ ಬಾಣಂತನಕ್ಕೆ ತ್ರಾಸಿಯ ತಾಯಿಮನೆಗೆ ಹೋಗುವವಳು. ನವರಾತ್ರಿ ಅದಕ್ಕಿಂತ ಆಚೆ. ಕಾದರೆ ಆಯಿತು. ಸುಗುಣನಿಗೆ ಕಾಯುವುದು ಕಷ್ಟವಾಗಿರಲಿಲ್ಲ.

ಆಸಾಡಿ ತಿಂಗಳಲ್ಲಿ ಮೋಹಿನಿಗೆ ಜ್ವರ ಬಂತು. ಎರಡು ದಿನ ಗಂಜಿಯೂ ಸೇರಲಿಲ್ಲ. ಮೂರನೇ ಬೆಳಿಗ್ಗೆ ಅಕ್ಕಣಮ್ಮ ಉಗ್ರಾಣದಿಂದ ಹೊರಗೆ ಬಂದು ಅಡುಗೆಮನೆಯ ನೆಲದಲ್ಲಿ ಕೂತರು.

"ಮುಟ್ಲೇ ಇಲ್ಲ. ಹಾಕಿದ್ದ್ ಹಾಕ್ದಂಗೇ ಇತ್ತ್. ಮೈ ಸಮಾ ಇಲ್ಯೇನೋ ಅವ್ನಿಗೆ."

"ಜ್ವರ ಬಂದದ್ದ್ ಮೋಹಿನಿಗ್, ಅಬ್ಬಿ," ಅಂದ ಚಂದ್ರ. "ಅವ್ಳಿಗ್ ಕಷಾಯ ಮಾಡ್."

"ಇಬ್ರಿಗೂ ಮಾಡ್ತೆ."

ಶುಂಠಿ, ಕಾಳುಮೆಣಸು, ಬೆಲ್ಲ ಹಾಕಿ ಕುದಿಸಿದರು. ಮೋಹಿನಿಗೆ ಒಂದು ಲೋಟ ಕೊಟ್ಟರು. ಇನ್ನೊಂದನ್ನು ಮಡಕೆಯ ಪಕ್ಕದಲ್ಲಿಟ್ಟು ಬಾಗಿಲು ಎಳೆದರು. ಮಧ್ಯಾಹ್ನ ಸುಗುಣ ಅದನ್ನೂ ಮೋಹಿನಿಗೆ ಕುಡಿಸಿ ಖಾಲಿ ಲೋಟವನ್ನು ತಿರುಗಿ ಇಟ್ಟಳು. ಮೋಹಿನಿಗೆ ಜ್ವರ ಬಿಟ್ಟಿತು. ಮಡಕೆ ಮತ್ತೆ ಇಳಿಯಿತು.

"ಬೆವ್ತ್ ಹೋಯಿತ್ತ್, ಇನ್ ಅಡ್ಡಿಲ್ಲ," ಎಂದು ಅಕ್ಕಣಮ್ಮ ಗಂಡನಿಗೆ ಹೇಳಿದರು. ಯಾರಿಗೆ ಎಂದು ಮಂಜಯ್ಯ ಕೇಳಲಿಲ್ಲ.

ಆಮೇಲೆ ಅಕ್ಕಣಮ್ಮ ಉಗ್ರಾಣದಲ್ಲಿ ಬರೇ ಅಕ್ಕಿ ಇಡುವುದನ್ನು ಬಿಟ್ಟರು. ದೋಸೆ ಹೊಯ್ದ ದಿನ ದೋಸೆ, ಮೀನು ಬಂದ ದಿನ ಹುರಿದ ಬಂಗಡೆ. ಮಳೆಯಲ್ಲಿ ಮೀನು ಬರುವುದೇ ಅಪರೂಪ. ಬಂದ ನಾಲ್ಕರಲ್ಲಿ ಒಂದು ಒಳಗೆ ಹೋದರೆ ಚಂದ್ರ ತಟ್ಟೆಯನ್ನು ನೋಡುತ್ತ ಕೂತಿರುತ್ತಿದ್ದ.

"ಬದ್ಕಿದವ್ರಿಗ್ ಬಾಲ, ಅಣ್ಣನಿಗ್ ಹೊಟ್ಟಿ ತುಂಡಾ?"

"ಅವ್ನೂ ಬದ್ಕಿದವ್ನೇ. ಉಣ್ಣ್ ಸುಮ್ನೆ."

ಒಂದು ಸಂಜೆ ಸುಗುಣ ಉಗ್ರಾಣದ ತಟ್ಟೆ ತರಲು ಹೋದಳು. ಮೀನು ಇರಲಿಲ್ಲ. ಮುಳ್ಳುಗಳನ್ನು ತಟ್ಟೆಯ ಅಂಚಿನಲ್ಲಿ ಒಂದರ ಪಕ್ಕ ಒಂದು, ಸಾಲಾಗಿ ಇಟ್ಟಿತ್ತು.

"ನೀ ಚೊಕ್ಕ ತಿಂದಿದೆ," ಅಂದಳು ಮೋಹಿನಿಗೆ, ಬಾವಿಕಟ್ಟೆಯ ಹತ್ತಿರ.

"ಎಂತದ್?"

"ಮೀನ್."

"ನಾನ್ ಮೀನ್ ಮುಟ್ಟದೆ ತಿಂಗ್ಳಾಯ್ತಲ್ದಾ ಅಕ್ಕಾ. ವಾಸನಿ ಬಂದ್ರೇ ವಾಂತಿ ಬತ್ತ್. ಬೆಕ್ಕೇನೋ."

ಸುಗುಣ ತಟ್ಟೆಯನ್ನು ಮತ್ತೊಮ್ಮೆ ನೋಡಿದಳು. ಮದುವೆಯಾಗಿ ಶೇಖರ ಮನೆಯಲ್ಲಿದ್ದ ಅಷ್ಟು ದಿನ ಅವಳು ತೊಳೆಯಲು ಎತ್ತುತ್ತಿದ್ದ ಅವನ ತಟ್ಟೆಗಳು ಹೀಗೇ ಇರುತ್ತಿದ್ದವು. ಮುಳ್ಳುಗಳನ್ನು ಬಾಳೆಯ ಬುಡಕ್ಕೆ ಹಾಕಿ, ಬೂದಿ ಹಚ್ಚಿ ತಿಕ್ಕಿ, ತಟ್ಟೆಯನ್ನು ಅದರ ಜಾಗದಲ್ಲಿ ಕವುಚಿಟ್ಟಳು.

ಸೋಣೆ ತಿಂಗಳು ಕಳೆಯುತ್ತ ಬಂದಾಗ ಮೋಹಿನಿಗೆ ಹೂ ಮುಡಿಸಿ ತ್ರಾಸಿಗೆ ಕಳಿಸಿದರು. ಬಸ್ಸು ಇದ್ದಿಲ ಹೊಗೆಯದು, ನಿಂತು ನಿಂತು ಹೋಗುವುದು. ಕುಲುಕಬಾರದೆಂದು ಚಂದ್ರ ಎತ್ತಿನ ಗಾಡಿ ಮಾಡಿದ. ಹೊರಡುವಾಗ ಮೋಹಿನಿ ಸುಗುಣನ ಕೈ ಹಿಡಿದಳು.

"ಇನ್ ತುಂಬ್ತ್, ಅಕ್ಕಾ," ಅಂದಳು ಮೆಲ್ಲಗೆ.

ತುಂಬತೊಡಗಿತು. ಅಕ್ಕಣಮ್ಮ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಮುಚ್ಚಳ ತೆಗೆದು ನೋಡುವರು. ಮೊದಲ ವಾರ, "ಅಂವ ಎಲ್ಲೋ ಪರ್ಯಟಣಿ ಹೋಯಿದ," ಅಂದರು. ಆಮೇಲೆ ಅನ್ನ ಬಡಿಸಿಕೊಂಡು ಕಲಸಿ ಹಾಗೆಯೇ ಬಿಟ್ಟು ಏಳುವರು. ರವಿಕೆಯ ತೋಳು ಸಡಿಲವಾಯಿತು. ಮಂಜಯ್ಯ ಅಂಗಡಿಯಿಂದ ಬಂದವರು ಉಗ್ರಾಣದ ಕಡೆ ಒಮ್ಮೆ ನೋಡಿ, ಹೆಂಡತಿಯ ಕಡೆ ಒಮ್ಮೆ ನೋಡಿ, ಕಾಲು ತೊಳೆಯಲು ಹೋಗುವರು.

"ಎಷ್ಟಾಯ್ತ್?" ಎಂದು ಸುಗುಣನನ್ನು ಹಿತ್ತಲಲ್ಲಿ ಕೇಳಿದರು.

"ಕುತ್ಗಿ ತನ್ಕ ಬಂತ್, ಮಾವ."

"ಭಟ್ರ ಹತ್ರ ಒಂದ್ ಮಾತ್ ಹೇಳಿ ಇಡ್ತೆ ಹಂಗಾರೆ." ಮೋಡ ಇದೆಯೇ ಎಂದು ಆಕಾಶ ನೋಡಿದರು. "ನೀ ಟ್ರಂಕ್ ಬಿಸ್ಲಿಗ್ ಇಡ್. ಹಸಿ ವಾಸನಿ ಹೋಯ್ಲಿ."

ಅವಳು ಟ್ರಂಕನ್ನು ಒರೆಸಿ ಬಿಸಿಲಿಗಿಟ್ಟಳು. ಪುಸ್ತಕಗಳಿಗೆ ಬೂಸು ಹಿಡಿದಿತ್ತು.

ಅಕ್ಕಿ ಮಡಕೆಯ ಬಾಯಿ ಮುಟ್ಟಿದ ದಿನ ಅಕ್ಕಣಮ್ಮ ಎಂದಿನಂತೆ ಒಂದು ಮುಷ್ಟಿ ತಂದು ಸುರಿದರು. ನಿಲ್ಲಲಿಲ್ಲ. ಕಾಳು ಅಂಚು ದಾಟಿ ನೆಲಕ್ಕೆ ಬಿದ್ದು, ಗಾಜಿನ ಹಂಚಿನ ಬೆಳಕಿನಲ್ಲಿ ಚದುರಿತು. ಅವರು ಕೂತು ಒಂದೊಂದೇ ಹೆಕ್ಕಿದರು. ಸುಗುಣ ಸಹಾಯಕ್ಕೆ ಬಗ್ಗಿದಳು.

"ನೀ ಮುಟ್ಬ್ಯಾಡ," ಅಂದರು.

ಮಂಜಯ್ಯ ಮರುದಿನವೇ ಭಟ್ಟರ ಮನೆಗೆ ಹೊರಟರು. ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಅಕ್ಕಣಮ್ಮನ ಸ್ವರ ಕೇಳಿತು. ಗಟ್ಟಿಯಾಗಿರಲಿಲ್ಲ.

"ಬನ್ನಿ. ಬಂದ್ ಕಾಣಿ."

ಎಲ್ಲರೂ ಹೋಗಿ ನೋಡಿದರು. ಮುಚ್ಚಳ ಮುಚ್ಚಿದ ಹಾಗೇ ಇತ್ತು, ಕಲ್ಲು ಹೇರಿದ ಹಾಗೇ ಇತ್ತು. ಅಕ್ಕಣಮ್ಮ ತೆರೆದು ತೋರಿಸಿದರು. ಅಕ್ಕಿ ಮಡಕೆಯ ಹೊಟ್ಟೆಗೆ ಇಳಿದಿತ್ತು.

ಮಂಜಯ್ಯ ಚಪ್ಪಲಿ ಬಿಟ್ಟರು.

ಚಂದ್ರ ಅತ್ತಿಗೆಯನ್ನು ಬಾವಿಯ ಹತ್ತಿರ ತಡೆದ. "ನೀವ್ ತೆಗ್ದ್ರ್ಯಾ ಅತ್ಗಿ? ಅಬ್ಬಿ ಉಣ್ದೆ ಇದ್ದದ್ದ್ ಕಂಡ್ ತೆಗ್ದಿದ್ರೆ ಹೇಳಿ. ನಾ ಯಾರಿಗೂ ಹೇಳುದಿಲ್ಲ."

"ನಾನ್ ತೆಗೂಲಿಲ್ಲ."

"ಮತ್ತೆ ಯಾರ್?"

"ನಿಮ್ಗೆ ಗೊತ್ತಿಲ್ದಿದ್ದ್ ನಂಗೂ ಗೊತ್ತಿಲ್ಲ."

ಚಂದ್ರ ಕೊಡ ಕೆಳಗಿಟ್ಟು ಉಗ್ರಾಣದ ಮಾಡನ್ನು ನೋಡಿದ. ಗಾಜಿನ ಹಂಚು ಬಿಸಿಲಿಗೆ ಹೊಳೆಯುತ್ತಿತ್ತು. "ಅದನ್ನ್ ತೆಗ್ದ್ ಮಣ್ಣಿಂದ್ ಹಾಕ್ವ," ಅಂದ. "ಅದ್ ಇಟ್ಟಂದಿಂದ್ಲೇ ನಂಗ್ ಸಮಾ ಕಾಂತಿಲ್ಲ." ಆದರೆ ಏಣಿ ತರಲಿಲ್ಲ.

ಅಕ್ಕಣಮ್ಮ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು. ಮಡಕೆ ದಿನದಿನಕ್ಕೆ ಇಳಿಯಿತು. ಬೊಜ್ಜದ ಮಾತು ನಿಂತಿತು. ನವರಾತ್ರಿ ಬಂತು, ಹೋಯಿತು. ಶಾಲೆ ತೆರೆಯುವ ದಿನದ ಮುಂಚಿನ ದಿನ ಮಂಜಯ್ಯ ಅಂಗಡಿಗೆ ಹೋಗಲಿಲ್ಲ. ಬೆಳಗಿನಿಂದ ಚಿಟ್ಟೆಯ ಮೇಲೆ ಕೂತಿದ್ದವರು ಊಟ ಮುಗಿದ ಮೇಲೆ ಎದ್ದು ಸೊಸೆಯ ಟ್ರಂಕನ್ನು ತಾವೇ ಹೊರಗೆ ತಂದಿಟ್ಟರು.

"ಬಸ್ ಬಪ್ಪ ಹೊತ್ತಾಯ್ತ್. ಅತ್ತಿ ಹತ್ರ ಒಂದ್ ಮಾತ್ ಕೇಣ್. ಹೂಂ ಅಂದ್ಲಾ, ನಾನೇ ಹೊಳಿ ದಾಟ್ಸಿ ಬ್ರಮ್ಮಾರಕ್ಕ್ ಬಿಟ್ಟ್ ಬತ್ತೆ. ಇಲ್ಲ ಅಂದ್ಲಾ, ಟ್ರಂಕ್ ಒಳ್ಗ್ ಹೋತ್ತ್. ನಂಗ್ ಇನ್ ಜಗ್ಳ ಮಾಡುಕ್ ತ್ರಾಣ ಇಲ್ಲ, ಮಗಾ."

"ಅತ್ತೆ ಎಲ್ಲಿ?"

"ಮಲ್ಗಿಪ್ಪುಕ್ ಸಾಕ್."

ಅಕ್ಕಣಮ್ಮ ಮಲಗುವ ಚಾಪೆ ಸುತ್ತಿಟ್ಟಿತ್ತು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆ ಆರಿತ್ತು. ಸುಗುಣ ಹಿತ್ತಲಿಗೆ ಹೋಗಲು ತಿರುಗಿದಾಗ ಉಗ್ರಾಣದ ಬಾಗಿಲಾಚೆಯಿಂದ ಸದ್ದು ಕೇಳಿತು. ಹಸಿ ಅಕ್ಕಿ ಅಗಿಯುವ ಸದ್ದು. ಮೋಹಿನಿ ಕದ್ದು ತಿನ್ನುವಾಗ ಆಗುತ್ತಿದ್ದಂಥದಲ್ಲ. ಹೆದರಿಕೆ ಇಲ್ಲದೆ, ಹಸಿದು ಬಂದವರು ತಿನ್ನುವ ಹಾಗೆ, ಗಟ್ಟಿ ಹಲ್ಲಿನಲ್ಲಿ ಕಟಕಟನೆ ಅಗಿಯುವುದು.

ಅವಳು ಬಾಗಿಲು ತಳ್ಳಿದಳು.

ಗಾಜಿನ ಹಂಚಿನ ಕೆಳಗೆ, ಬೆಳಕಿನಲ್ಲಿ, ಅಕ್ಕಣಮ್ಮ ಬೆನ್ನು ಹಾಕಿ ಕೂತಿದ್ದರು. ಕಾಲು ಮಡಿಸಿ, ಗಂಡಸರು ಊಟಕ್ಕೆ ಕೂರುವ ಹಾಗೆ. ಮಡಕೆ ತೊಡೆಯ ಮೇಲಿತ್ತು. ದವಡೆಯಲ್ಲಿ ಹಲ್ಲಿಲ್ಲದೆ, ಹಪ್ಪಳವನ್ನು ಸಾರಿನಲ್ಲಿ ನೆನೆಸಿ ತಿನ್ನುವ ಹೆಂಗಸು. ಕೈ ಮಡಕೆಯೊಳಗೆ ಇಳಿಯಿತು, ಮುಷ್ಟಿ ತುಂಬಿ ಬಾಯಿಗೆ ಹೋಯಿತು, ಮತ್ತೆ ಇಳಿಯಿತು. ಬಲಗೈ ಮೊಣಕಾಲಿನ ಮೇಲೆ ಸುಮ್ಮನಿತ್ತು. ತಿನ್ನುತ್ತಿದ್ದದ್ದು ಎಡಗೈ.

ಶೇಖರ ಎಡಚನಾಗಿದ್ದ. ಹುಡುಗನಾಗಿದ್ದಾಗ ಈ ತಾಯಿಯೇ ಆ ಕೈಗೆ ಬರೆ ಹಾಕಿದ್ದರಂತೆ. ಬಿಡಿಸಲಾಗಿರಲಿಲ್ಲ.

ಸುಗುಣ ಬೆನ್ನನ್ನು ನೋಡಿದಳು. ಹೊರಗೆ ಮಾವ ಕೆಮ್ಮಿದರು. ದೂರದಲ್ಲಿ ಬಸ್ಸು ಏರು ಹತ್ತಲಾರದೆ ಗುರುಗುಟ್ಟುತ್ತಿತ್ತು.

"ಬ್ರಹ್ಮಾವರದ ಶಾಲಿಯಗ್ ಕೆಲ್ಸ ಇತ್ತ್," ಅಂದಳು. "ನಾನ್ ಹೋಯ್ಕಂದ್ ಇದ್ದೆ. ಹೇಳಿ ಹೋಪ ಅಂದ್ ಬಂದೆ."

ಅಗಿಯುವುದು ನಿಂತಿತು.

ಕೈ ಮಡಕೆಯೊಳಗೇ ಇತ್ತು. ತಲೆ ತಿರುಗಲಿಲ್ಲ. ಬೆಳಕಿನಲ್ಲಿ ಅಕ್ಕಿಯ ಹುಡಿ ಮೆಲ್ಲಗೆ ಏರಿ ಇಳಿಯುತ್ತಿತ್ತು. ಸುಗುಣ ಕಾದಳು. ಆರು ತಿಂಗಳ ಮೇಲೆ ಮೊದಲ ಸಲ ಅವಳ ಎದೆ ಹೊಡೆದುಕೊಳ್ಳುವುದು ಅವಳಿಗೇ ಕೇಳಿತು.

"ಹೋಯ್ ಬಾ," ಎಂದಿತು ತುಂಬಿದ ಬಾಯಿ.

ಸುಗುಣ ನಿಂತೇ ಇದ್ದಳು.

"ಹೊತ್ತಾತ್ತ್. ಬಾಗ್ಲ್ ಎಳ್ಕೋ."

ಅವಳು ಹಿಂದೆ ಸರಿದು ಬಾಗಿಲನ್ನು ಎಳೆದುಕೊಂಡಳು. ಚಿಲಕ ಹಾಕಲಿಲ್ಲ. ಒಳಗೆ ಅಗಿಯುವ ಸದ್ದು ಮತ್ತೆ ಶುರುವಾಯಿತು.

ಅಂಗಳದಲ್ಲಿ ಮಂಜಯ್ಯ ಟ್ರಂಕಿನ ಪಕ್ಕ ನಿಂತಿದ್ದರು. ಒಳಗಿನ ಸದ್ದು ಅವರಿಗೂ ಕೇಳುತ್ತಿತ್ತು ಎಂದು ಮುಖದಲ್ಲಿ ಕಾಣುತ್ತಿತ್ತು.

"ಕೇಂಡ್ಯಾ?"

"ಕೇಂಡೆ."

"ಎಂತ ಅಂದದ್ದ್?"

"ಹೋಯ್ ಬಾ ಅಂದದ್ದ್."

ಯಾರು ಎಂದು ಅವರು ಕೇಳಲಿಲ್ಲ. ಬಗ್ಗಿ ಟ್ರಂಕನ್ನು ಹೆಗಲಿಗೆ ಎತ್ತಿಕೊಂಡು, ಸೊಸೆಯನ್ನು ಮುಂದೆ ಬಿಟ್ಟು, ಮನೆಯ ಕಡೆ ತಿರುಗಿ ನೋಡದೆ ನಡೆದರು.